ಕೂಗಳತೆ ಮೀರಿದ ಬ್ಯಾಗು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಮಗಳದ್ದಲ್ಲ, ಕಂಡಕ್ಟರನದ್ದಲ್ಲ, ಆ ಮೊಬೈಲಿನದ್ದಂತೂ ಅಲ್ಲವೇ ಅಲ್ಲ. ಬಾಗೂರಿನ ಮುರುಗಪ್ಪನೆಂಬ ನಾನು, ಐವತ್ತೊಂಬತ್ತು ವರ್ಷದ ಗಂಡಸು, ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಗಳ ಬದುಕನ್ನೇ ಎತ್ತಿ ಬೇರೆ ಬಸ್ಸಿನ ಕಿಟಕಿಯೊಳಗೆ ಹಾಕಿದೆ.

ನನ್ನ ಕಸುಬು ಮೈಕಿನದು. ಆಟೋದ ಮೇಲೆ ಸ್ಪೀಕರ್ ಕಟ್ಟಿಕೊಂಡು ಇಪ್ಪತ್ತಾರು ವರ್ಷ ಊರೂರು ಸುತ್ತಿದವನು. ನಾಳೆ ಕರೆಂಟು ಇರುವುದಿಲ್ಲ, ಯಾರದೋ ಎಮ್ಮೆ ತಪ್ಪಿಸಿಕೊಂಡಿದೆ, ಇಂಥವರು ತೀರಿಕೊಂಡರು ಎಂದು ಕೂಗಿ ಹೇಳುತ್ತಿದ್ದೆ. ಹೋದ ವರ್ಷ ‘ಕೂಗಳತೆ’ ಅನ್ನುವ ಆ್ಯಪ್ ಬಂತು ನೋಡಿ, ನನ್ನ ಗಂಟಲಿಗೆ ಕೆಲಸವೇ ಇಲ್ಲದಾಯಿತು. ಅದರಲ್ಲಿ ಬರೆದದ್ದು ಸುತ್ತ ಮೂರು ಕಿಲೋಮೀಟರಿನೊಳಗಿರುವ ಫೋನುಗಳಿಗೆಲ್ಲ ಹೋಗುತ್ತದೆ, ಆಚೆಗೆ ಹೋಗುವುದಿಲ್ಲ. ನಂಬರು ಬೇಡ, ಪರಿಚಯ ಬೇಡ. ಮೊದಲು ಹೊಸದುರ್ಗದ ಕಾಲೇಜು ಹುಡುಗಿಯರ ಕೈಯಲ್ಲಿತ್ತು. ಯುಗಾದಿ ಹೊತ್ತಿಗೆ ಹೊಳಲ್ಕೆರೆಗೆ ಹೋಯಿತು. ದಸರಾ ಬರುವಷ್ಟರಲ್ಲಿ ಹಿರಿಯೂರು, ದುರ್ಗ ಎಲ್ಲ ಕಡೆ ಹಬ್ಬಿ, ಕುರಿ ಕಾಯುವವರ ಜೇಬಿನಲ್ಲೂ ಅದೇ ಟಿಣ್ ಟಿಣ್.

ನಮ್ಮ ಜನ ಅದನ್ನು ಬಳಸುವ ರೀತಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮಲ್ಲಿ ಹೊಲದಿಂದ ಯಾರಾದರೂ ಕೂಗಿದರೆ, ಕೇಳಿಸಿಕೊಂಡವರು ‘ಓ’ ಅನ್ನಬೇಕು, ಆಮೇಲೆ ಆ ಮಾತನ್ನೇ ಆಚೆ ಹೊಲಕ್ಕೆ ಕೂಗಿ ದಾಟಿಸಬೇಕು. ಫೋನಿನಲ್ಲೂ ಅದನ್ನೇ ಶುರು ಮಾಡಿದರು. ಒಬ್ಬರು ಬರೆದರೆ ನೂರು ಜನ ‘ಓ’ ಅನ್ನುವುದು, ಅದೇ ಮಾತನ್ನು ತಾವೂ ಇನ್ನೊಮ್ಮೆ ಬರೆಯುವುದು. ಒಂದೇ ಸುದ್ದಿಯನ್ನು ಹೀಗೆ ಮತ್ತೆ ಮತ್ತೆ ಹಾಕಬೇಡಿ ಎಂದು ಆ್ಯಪಿನವರೇ ಬೇಡಿಕೊಂಡರು. ಯಾರು ಕೇಳಬೇಕು?

"ಏನವ್ವಾ ಇದು, ಓ ಓ ಅಂತ? ಬುದ್ಧಿ ಐತೇನು ಈ ಜನಕ್ಕೆ?" ಎಂದು ಮಗಳು ದಿವ್ಯಾಳ ಮೇಲೆ ರೇಗುತ್ತಿದ್ದೆ.

"ಕೇಳಿಸ್ತು ಅಂತ ಹೇಳಾದು ಮರ್ಯಾದಿ ಅಲ್ವೇನಪ್ಪ?" ಅನ್ನುತ್ತಿದ್ದಳು.

ದಿವ್ಯಾ ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಎರಡು ಸಲ ಓಟದ ಪರೀಕ್ಷೆಯಲ್ಲಿ ಸೋತು, ಮೂರನೇ ಸಲಕ್ಕೆ ಗೆದ್ದಿದ್ದಳು. ಜೋಗಿಮಟ್ಟಿ ಕಾಡಿನಲ್ಲೇ ಡ್ಯೂಟಿ ಸಿಗಲಿ ಎಂದು ಆಸೆ ಅವಳಿಗೆ. ಆ ದಿನ ಸಂಜೆ ನಾಲ್ಕರೊಳಗೆ ಜಿಲ್ಲಾ ಕೇಂದ್ರವಾದ ದುರ್ಗದ ಫಾರೆಸ್ಟ್ ಆಫೀಸಿನಲ್ಲಿ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು ಎಲ್ಲದರ ಒರಿಜಿನಲ್ ತೋರಿಸಬೇಕಿತ್ತು. ತೋರಿಸದಿದ್ದರೆ ಹೆಸರು ಪಟ್ಟಿಯಿಂದ ಹೋಯಿತು ಎಂದೇ ಕಾಗದದಲ್ಲಿ ಬರೆದಿತ್ತು.

ಹನ್ನೆರಡೂವರೆಗೆ ಹೊಸದುರ್ಗದ ಸ್ಟ್ಯಾಂಡಿಗೆ ಬಂದೆವು. ಜಾತ್ರೆ ರಶ್ಶು. ನಮ್ಮ ಕಡೆ ಬಾಗಿಲಲ್ಲಿ ಹತ್ತುವವನಿಗೆ ಸೀಟಿಲ್ಲ; ಯಾರ ಟವೆಲ್ಲು ಕಿಟಕಿಯಿಂದ ಮೊದಲು ಒಳಗೆ ಬಿತ್ತೋ ಸೀಟು ಅವರದು. ಅಂದು ನನ್ನ ಟವೆಲ್ಲು ಮನೆಯಲ್ಲೇ ಉಳಿದಿತ್ತು. ದಿವ್ಯಾಳ ಹೆಗಲಿನಿಂದ ಹಸಿರು ಬ್ಯಾಗು ಕಿತ್ತುಕೊಂಡೆ.

"ಅಪ್ಪಾ, ಬೋರ್ಡ್ ನೋಡು!"

"ಸೀಟ್ ಹಿಡಿಯಾದು ನೀನು ನನಗೆ ಹೇಳ್ಕೊಡ್ತೀಯೇನೆ?"

ಎಸೆದೆ. ಸುತ್ತಿ ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಅದು ಮಾಡದಕೆರೆ ಮೇಲೆ ಹಿರಿಯೂರಿಗೆ ಹೋಗುವ ಬಸ್ಸು. ದುರ್ಗದ ಬಸ್ಸು ಪಕ್ಕದಲ್ಲೇ ಖಾಲಿ ನಿಂತಿತ್ತು. ಇಪ್ಪತ್ತಾರು ವರ್ಷ ಪಳಗಿದ ಗಂಟಲಿನಿಂದ ಕೂಗುತ್ತಾ ಗೇಟಿನ ತನಕ ಓಡಿದೆ. ಬಸ್ಸು ನಿಲ್ಲಲಿಲ್ಲ. ಸ್ಟ್ಯಾಂಡಿನ ಬಸ್ ಏಜೆಂಟನ ಹತ್ತಿರ ಡ್ರೈವರನ ನಂಬರು ಇರಲಿಲ್ಲ, ಕಂಡಕ್ಟರು ಅವತ್ತೇ ಕೆಲಸಕ್ಕೆ ಸೇರಿದವನಂತೆ, ಅವನದ್ದೂ ಇಲ್ಲ. ಅಲ್ಲೇ ಕಟ್ಟೆ ಮೇಲೆ ಕುಸಿದೆ.

ದಿವ್ಯಾ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನು ತೆಗೆದು ಬರೆದಳು: "ಹಿರಿಯೂರಿಗೆ ಹೊರಟ ನೀಲಿ ಬಸ್ಸು, ಬಲಗಡೆ ಮೂರನೇ ಸೀಟಿನಲ್ಲಿ ಹಸಿರು ಬ್ಯಾಗು. ನನ್ನ ಕೆಲಸದ ಕಾಗದಗಳು ಅದರಲ್ಲಿವೆ. ನಾಲ್ಕರೊಳಗೆ ದುರ್ಗದ ಫಾರೆಸ್ಟ್ ಆಫೀಸಿಗೆ ಬೇಕು. ನಾನು ಹೊಳಲ್ಕೆರೆ ಮೇಲೆ ಬರುತ್ತಿದ್ದೇನೆ. ದಿವ್ಯಾ, ಬಾಗೂರು."

"ಅದು ಮೂರು ಕಿಲೋಮೀಟ್ರಿಗೇ ನಿಂತೋಗ್ತದಲ್ಲವ್ವ," ಎಂದೆ.

"ನಿಲ್ಲಲ್ಲ ಬಿಡಪ್ಪ. ಬಾ, ನಮ್ಮ ಬಸ್ ಹತ್ತಾಣ."

ಸ್ಟ್ಯಾಂಡು ಬಿಡುವ ಮೊದಲೇ ನಾಲ್ಕೈದು ‘ಓ’ ಬಂದವು. ಊರು ದಾಟಿದ ಮೇಲೆ ಫೋನು ಸುಮ್ಮನಾಯಿತು. ಒಂದು ಗಂಟೆ, ಒಂದೇ ಒಂದು ಸದ್ದಿಲ್ಲ. ದಿವ್ಯಾ ಕಿಟಕಿಯಾಚೆ ನೋಡುತ್ತಿದ್ದಳು. ನಾನು ನನ್ನ ಕೈಗಳನ್ನೇ ನೋಡುತ್ತಾ, ಇವನ್ನು ಕಡಿದು ಹಾಕಬೇಕು ಅಂದುಕೊಳ್ಳುತ್ತಿದ್ದೆ.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಿತು. ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕಿಟಕಿಯಿಂದ ಕಿಟಕಿಗೆ ಬರುತ್ತಿದ್ದಳು. ಹಣ್ಣು ಬೇಕೇ ಎಂದು ಕೇಳಲಿಲ್ಲ.

"ದಿವ್ಯಾ ಅಂದ್ರೆ ಯಾರವ್ವಾ? ಬಾಗೂರು ದಿವ್ಯಾ?"

ನಾನು ಎದ್ದು ನಿಂತೆ. "ಇಲ್ಲೇ ಅವಳೆ, ಏನ್ರಿ?"

"ನಿಮ್ಮ ಬ್ಯಾಗ್ ಸಿಕ್ಕೈತಂತೆ. ಮಾಡದಕೆರೆ ದಾಟಿದ ಮ್ಯಾಲೆ ಬಸ್ಸಿನಾಗೇ ಯಾರೋ ಹುಡುಗಿ ಫೋನ್ ನೋಡಿದ್ಲಂತೆ. ಉಚ್ಚಂಗಮ್ಮ ಅಂತ, ಹಿರಿಯೂರಿನೋರು, ತೊಡಿ ಮ್ಯಾಲೆ ಇಟ್ಕಂಡು ಕುಂತವ್ರಂತೆ."

"ನಿಮಗೆ ಯಾರು ಹೇಳಿದ್ರು?"

"ಯಾರಿಗ್ ಗೊತ್ರಿ? ಯಾರೋ ಕೂಗಿದ್ರು, ನಾನೂ ಓ ಅಂದೆ," ಎಂದು ಅವಳು ಹಣ್ಣು ಮಾರಲು ಮುಂದೆ ಹೋದಳು.

ಯೋಚನೆ ಮಾಡಿ ನೀವು. ನಮ್ಮ ಮಾತು ಹೊಸದುರ್ಗದಿಂದ ಹೊರಟು, ಮೂರು ಮೂರು ಕಿಲೋಮೀಟರಿಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ, ಓಡುವ ಬಸ್ಸನ್ನು ಹಿಂದೆ ಹಾಕಿದೆ. ಅಲ್ಲಿಂದ ತಿರುಗಿ, ಹೊಲ ತೋಟ ಹಟ್ಟಿಗಳನ್ನೆಲ್ಲ ದಾಟಿ, ನಮಗಿಂತ ಮೊದಲು ಹೊಳಲ್ಕೆರೆಗೆ ಬಂದು ಕೂತಿದೆ. ಕಳೆ ಕೀಳುತ್ತಿದ್ದವರು ಕೈ ಒರೆಸಿಕೊಂಡು ಬರೆದಿದ್ದಾರೆ. ಉಣ್ಣುತ್ತಿದ್ದವರು ಎಡಗೈಯಲ್ಲಿ ಬರೆದಿದ್ದಾರೆ. ಒಬ್ಬರಿಗೂ ನಾವು ಯಾರೆಂದು ಗೊತ್ತಿಲ್ಲ. ನನ್ನ ಮೈಕು ಒಂದು ದಿನವೂ ಇಷ್ಟು ದೂರ ಹೋದದ್ದಿಲ್ಲ. ಸುಳ್ಳೇಕೆ, ನಾನು ಅತ್ತುಬಿಟ್ಟೆ.

ಎರಡೂ ಮುಕ್ಕಾಲಕ್ಕೆ ದುರ್ಗದ ಆಫೀಸಿನ ಮುಂದೆ ನಿಂತೆವು. ಬ್ಯಾಗು ಹಿರಿಯೂರಿನಲ್ಲಿ ಇಳಿದು, ದುರ್ಗಕ್ಕೆ ಹೊರಟ ಜಯಕುಮಾರ್ ಎಂಬವನ ಹೂವಿನ ಗಾಡಿ ಹತ್ತಿದೆ ಎಂದು ಸುದ್ದಿ ಬಂತು. ಮೂರೂ ಇಪ್ಪತ್ತಕ್ಕೆ, "ಐಮಂಗಲ ದಾಟಿತು." ಆಮೇಲೆ ಏನೂ ಇಲ್ಲ. ಮೂರೂವರೆ. ಮೂರೂ ಮುಕ್ಕಾಲು. ಒಳಗಿನಿಂದ ಜವಾನ ಬಂದು, "ಇನ್ನು ಯಾರಾದ್ರು ಅದೀರೇನ್ರಿ? ಬಾಗ್ಲು ಹಾಕ್ತೀವಿ," ಎಂದ.

"ಐದೇ ನಿಮಿಷ ಸ್ವಾಮಿ," ಎಂದು ನಾನು ಅವನ ಕೈ ಹಿಡಿದುಕೊಂಡೆ.

ನಾಲ್ಕಕ್ಕೆ ಆರು ನಿಮಿಷವಿರುವಾಗ ಸೇವಂತಿಗೆ ಮೂಟೆ ತುಂಬಿದ ಗಾಡಿ ಬಂದು ನಿಂತಿತು. ಜಯಕುಮಾರ್ ಇಳಿಯುವ ಮೊದಲೇ ಬ್ಯಾಗನ್ನು ಹೊರಗೆ ಚಾಚಿದ. "ತಗಳವ್ವ, ಓಡು!"

ದಿವ್ಯಾ ಫೋನನ್ನು ನನ್ನ ಕೈಗೆ ತುರುಕಿ ಓಡಿದಳು. ಎರಡು ಸಲ ಓಟದಲ್ಲಿ ಸೋತವಳೇನ್ರೀ ಇವಳು ಅನ್ನಿಸಿತು.

"ಏನ್ ಕೊಡ್ಲಪ್ಪ ನಿನಗೆ?" ಎಂದೆ.

"ಏನ್ ಬ್ಯಾಡ್ರಿ. ಯಾರಾದ್ರು ಕೂಗಿದ್ರೆ ಓ ಅನ್ರಿ," ಎಂದು ಗಾಡಿ ತಿರುಗಿಸಿಕೊಂಡು ಹೋದ. ಅವನ ಹೂವು ಬಾಡುತ್ತಿತ್ತು.

ಮೆಟ್ಟಿಲ ಮೇಲೆ ಕೂತೆ. ಕೈಯಲ್ಲಿ ಫೋನು ಟಿಣ್ ಅಂದಿತು. ಕಣ್ಣಿಗೆ ಹತ್ತಿರ ಹಿಡಿದು ಓದಿದೆ: "ಸಂತೆಹೊಂಡದ ಹತ್ತಿರ ನಮ್ಮಜ್ಜನ ಹಲ್ಲಿನ ಸೆಟ್ಟು ಬಿದ್ದುಹೋಗಿದೆ. ಬಿಳಿ ಕರ್ಚೀಫಿನಲ್ಲಿ ಸುತ್ತಿದೆ. ಅಜ್ಜ ಬೆಳಗಿನಿಂದ ಊಟ ಮಾಡಿಲ್ಲ."

ಆಗಲೇ ಇಪ್ಪತ್ತು ‘ಓ’ ಬಿದ್ದಿದ್ದವು. ನನಗೆ ಆ ಸಣ್ಣ ಅಕ್ಷರ ಒತ್ತಲು ಬರುವುದಿಲ್ಲ. ಎದ್ದು ನಿಂತೆ, ಎದೆ ತುಂಬ ಉಸಿರೆಳೆದೆ, ಕೂಗಿದೆ. ಮೈಕಿಲ್ಲ, ಆಟೋ ಇಲ್ಲ, ಸರ್ಕಾರಿ ಆಫೀಸಿನ ಮೆಟ್ಟಿಲ ಮೇಲೆ ನಿಂತು, ಗುರುತಿಲ್ಲದ ಅಜ್ಜನ ಹಲ್ಲಿಗಾಗಿ. ಜವಾನ ಬಿದ್ದು ಬಿದ್ದು ನಕ್ಕ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ದಿವ್ಯಾ ಹೊರಗೆ ಬಂದಳು. ಸೀಲು ಬಿದ್ದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಅಪ್ಪಾ, ಆಯ್ತಪ್ಪಾ!" ಎಂದಳು.

ತಡಿ ಅಂತ ಕೈ ಎತ್ತಿದೆ. ಎದುರಿನ ಟೀ ಅಂಗಡಿಯಿಂದ ಒಬ್ಬ "ಓ" ಅಂದು, ಅದೇ ಮಾತನ್ನು ಆಚೆ ಬೀದಿಗೆ ಕೂಗುತ್ತಿದ್ದ.