ಹುಳು ತಿನ್ನದ ಗರಿ

ಮುರಳೀಕೃಷ್ಣ ಶಾಲು ಹೊದ್ದು ವೇದಿಕೆಯ ಮೇಲೆ ಕೂತಿದ್ದ. ಕೂತಿರಲಿ, ಎಷ್ಟು ಹೊತ್ತು ಕೂರುತ್ತಾನೋ ನೋಡೋಣ ಅಂತ ನಾನೂ ಮೊದಲ ಸಾಲಿನಲ್ಲೇ ಕೂತೆ. ಎರಡು ಸಾವಿರದ ಮೂರನೇ ಇಸವಿ, ಹಾಸನದ ಒಂದು ಸಭಾಂಗಣ. ಮೇಜಿನ ಮೇಲೆ ನಮ್ಮ ಮನೆಯ ತಾಳೆಗರಿ ಕಟ್ಟು. ಹಿಂದಿನ ಬ್ಯಾನರಿನಲ್ಲಿ ‘ಹಾರ್ಟ್‌ವೆಲ್ ದೊರೆ ಮೆಚ್ಚಿದ ನಮ್ಮ ವಂಶದ ಸ್ತೋತ್ರ’. ವಂಶವಂತೆ! ಯಾರ ವಂಶವೋ ಮಹರಾಯ?

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಳೆಯದನ್ನೆಲ್ಲ ಹುಡುಕುತ್ತ ತಿರುಗುತ್ತಿದ್ದ ಆ ದೊರೆ, ಹೊಯ್ಸಳರ ಕಾಲದ ಈ ಲಕ್ಷ್ಮೀಸ್ತೋತ್ರವನ್ನು ಹೊಳೆನರಸೀಪುರದ ನಮ್ಮ ಮನೆಯಿಂದ ಎರವಲು ಒಯ್ದಿದ್ದ. ಕಟ್ಟು ಹೊಸ್ತಿಲು ದಾಟುವಾಗ ಒಂದು ಗರಿಯನ್ನು ದೇವರ ಮನೆಯಲ್ಲಿ ಉಳಿಸಿಕೊಳ್ಳುವುದು ನಮ್ಮ ಪದ್ಧತಿ, ಮಿಕ್ಕದ್ದು ಅದನ್ನು ಹುಡುಕಿಕೊಂಡು ವಾಪಸು ಬರಲಿ ಅಂತ. ದೊರೆ ನಕಲು ಮಾಡಿಕೊಂಡು, ಮೇಲಿನ ಹಲಗೆಗೆ ತನ್ನ ಮೊಹರು ಒತ್ತಿ, ತಾನೇ ತಂದುಕೊಟ್ಟು ಹೋದ.

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಅದನ್ನು ಹಾಗೇ ಎರವಲು ಒಯ್ದವನು ಅಪ್ಪನ ಶಿಷ್ಯ, ಈ ಮುರಳೀಕೃಷ್ಣ. ಕೇಳಲು ಹೋದ ಅಪ್ಪನನ್ನು ಮಟಮಟ ಮಧ್ಯಾಹ್ನ ಗೇಟಿನಾಚೆಯೇ ನಿಲ್ಲಿಸಿ, "ಯಾವ ಕಟ್ಟು ಮೇಷ್ಟ್ರೇ? ನಿಮಗೆಲ್ಲೋ ಅರಳುಮರಳು" ಅಂದ, ಬೀದಿಗೆಲ್ಲ ಕೇಳುವ ಹಾಗೆ. ವರದರಾಜ ಮೇಷ್ಟ್ರು ಸುಳ್ಳು ಹೇಳುತ್ತಾರೆ ಅನ್ನಿಸಿಕೊಂಡೇ ಅಪ್ಪ ಸತ್ತರು. ದೇವರ ಮನೆಯಲ್ಲಿ ಉಳಿಸಿಕೊಂಡ ಗರಿ ತೋರಿಸಿ ಆಗಲೇ ಜಗಳವಾಡು ಅಂದರು ನೆಂಟರು. ಆಡಲಿಲ್ಲ. ಅವನು ಕಟ್ಟನ್ನು ನಾಲ್ಕು ಜನರ ಮುಂದೆ ತಂದಿಡಲಿ ಅಂತ ಹಲ್ಲು ಕಚ್ಚಿ ಕಾದೆ.

"ಸರ್, ಒಂದ್ಸಲ ನೋಡಬಹುದಾ?" ಅಂದು ಮೇಲೆ ಹೋಗಿ ಕಟ್ಟು ಬಿಚ್ಚಿದೆ.

ಅಯ್ಯೋ ಪುಣ್ಯಾತ್ಮ! ಅರ್ಧಂಬರ್ಧ ಸ್ತೋತ್ರ ಮನೆಗೆ ಅಶುಭ ಅಂತ ಹೆದರಿ, ಇಲ್ಲದ ಗರಿಯ ಜಾಗಕ್ಕೆ ಹೊಸದೊಂದನ್ನು ಬರೆಸಿ, ಹೊಗೆಗೆ ಹಿಡಿದು ಕಪ್ಪಾಗಿಸಿ ಸೇರಿಸಿದ್ದ. ಕದ್ದ ಮಾಲಿಗೂ ಮಡಿ. ಆದರೆ ಹುಳು ಇಡೀ ಕಟ್ಟನ್ನು ಮೇಲಿಂದ ಕೆಳಕ್ಕೆ ನೇರವಾಗಿ ಕೊರೆದಿತ್ತು. ಈ ಹೊಸ ಗರಿಯೊಂದರಲ್ಲಿ ಹುಳುವಿನ ತೂತೇ ಇಲ್ಲ. ಅದನ್ನು ಎಳೆದುಹಾಕಿ, ನಾನು ಮನೆಯಿಂದ ತಂದಿದ್ದ ಗರಿ ಇಟ್ಟು, ಹುಳು ಕೊರೆದ ತೂತಿನೊಳಗೆ ದಬ್ಬಣ ಬಿಟ್ಟೆ. ಅದು ಸಲೀಸಾಗಿ ಕೆಳಗಿನ ಹಲಗೆ ಮುಟ್ಟಿತು.

"ಇದು ಯಾರ ಮನೇದು, ಮೈಕಿನಲ್ಲಿ ಹೇಳಿ" ಅಂದೆ.

"ವರದರಾಜ ಮೇಷ್ಟ್ರದು" ಅಂದ. ಸಭೆ ಗೊಳ್ಳೆಂದಿತು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

"ತಗೊಂಡ್ಹೋಗಮ್ಮ ರಂಜನಿ" ಅಂತ ಪಿಸುಗುಟ್ಟಿದ.

"ಇಲ್ಲಿ ಬೇಡ. ಒಯ್ದವರೇ ಮನೆಗೆ ತಂದುಕೊಡಬೇಕು. ದೊರೆ ತಂದುಕೊಟ್ಟಿದ್ದ." ನಮ್ಮ ಗರಿಯನ್ನು ಎತ್ತಿಕೊಂಡು ಇಳಿದುಬಂದೆ.

ಮರುದಿನ ಉರಿಬಿಸಿಲಿನಲ್ಲಿ ಬಸ್ಸಿಳಿದು, ಕಟ್ಟು ಹಿಡಿದು ನಮ್ಮ ಮನೆಗೆ ಬಂದ. ನಾನು ಗೇಟು ತೆಗೆಯಲಿಲ್ಲ.

"ಬಿಸಿಲು ಕಣೇ, ಒಳಗೆ ಕರಿ" ಅಂದಳು ಅಮ್ಮ.

"ನಿಂತಿರಲಿ."

ಅಮ್ಮ ಮಜ್ಜಿಗೆ ಲೋಟ ಹಿಡಿದು ಹೊರಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಕಟ್ಟನ್ನು ಅವಳಿಗೆ ಕೊಟ್ಟು, ಲೋಟಕ್ಕೆ ಕೈ ಚಾಚಿದ.

ಅಮ್ಮ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಮಜ್ಜಿಗೆಯನ್ನು ಅವನ ಕಣ್ಣೆದುರೇ ದಾಸವಾಳದ ಬುಡಕ್ಕೆ ಹೊಯ್ದು, ಒಳಗೆ ಬಂದು ಬಾಗಿಲು ಹಾಕಿದಳು.