ಹಸಿರಂಗಿಯ ವಾಸನೆ

“ಆ ಹುಚ್ಚರಂಡೀನ ಎಲ್ಲಿ ಬಚ್ಚಿಟ್ಟೀರಲೇ? ಹೊರಗ ತರ್ತೀರೋ, ಕುರಿಗೆಲ್ಲ ವಿಷ ಹಾಕಿಸ್ಲೋ?”

ಬಾಗಳಿಯ ಹೊಲದಲ್ಲಿ ತಂಗಿದ್ದ ನಮ್ಮ ಹಿಂಡಿನ ಮುಂದೆ ನಿಂತು ಹಾಲೇಶಪ್ಪ ಕೂಗುತ್ತಿದ್ದ. ಹಿಂದೆ ಆಸ್ಪತ್ರೆಯ ವ್ಯಾನು, ಇಬ್ಬರು ವಾರ್ಡುಬಾಯ್‌ಗಳು.

ಅಪ್ಪ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ. “ಬಂದಿಲ್ರೀ ಧಣಿ. ದೇವರಾಣಿ.”

“ಲೇ ಓಬಳೇಶ, ಹೆಬ್ಬಟ್ಟು ಒತ್ತಿ ಸೇರಿಸಿದಾಂವ ನೀನ. ಈಗ ಸುಳ್ಳು ಬೊಗಳ್ತಿ?”

ಅಪ್ಪನ ತಂಗಿ, ನನ್ನ ಅತ್ತೆ ಉಚ್ಚೆಂಗಮ್ಮ. ಗುಡ್ಡದ ಹುಲ್ಲುಗಾವಲಿಗೆ ಹಾಲೇಶಪ್ಪ ತಂತಿ ಸುತ್ತಿದಾಗ ಅದನ್ನು ಕಿತ್ತವಳು, ದಿನವೂ ಅವನ ಬಾಗಿಲಿಗೆ ಹೋಗಿ ಮಣ್ಣು ತೂರಿ ಬೈದವಳು. “ತಲಿ ಕೆಟ್ಟೈತಿ, ಆಸ್ಪತ್ರಿಗೆ ಹಾಕು. ಇಲ್ಲಾಂದ್ರ ಪೊಲೀಸರು ಒಯ್ತಾರ,” ಎಂದು ಹೆದರಿಸಿ ಅಪ್ಪನನ್ನು ಕರೆದೊಯ್ದವನೂ ಅವನೇ.

ನಿನ್ನೆ ಬಟ್ಟೆ ಒಣಗಹಾಕಲು ಹೊರಗೆ ಬಿಟ್ಟಾಗ ಅತ್ತೆ ವಾರ್ಡಿನ ಹಸಿರಂಗಿಯಲ್ಲೇ ತಪ್ಪಿಸಿಕೊಂಡು ಬಂದಿದ್ದಳು.

“ಸೂಜಿ ಚುಚ್ಚಿ ಕೆಡವ್ತಾರ. ಎದ್ರ ನಾಲಿಗಿನ ನಂದಲ್ಲ. ಮತ್ತ ಕಳಿಸಬ್ಯಾಡ್ರವ್ವಾ.”

ಬೆಳಿಗ್ಗೆ ಅವಳು ಹೇಳಿಕೊಟ್ಟಂತೆ ಸತ್ತ ಮರಿಯ ಚರ್ಮವನ್ನು ತಬ್ಬಲಿ ಮರಿಯೊಂದಕ್ಕೆ ಕಟ್ಟಿ, ಮರಿ ಕಳೆದುಕೊಂಡ ಕುರಿಯ ಮೊಲೆಗೆ ಬಿಟ್ಟಿದ್ದೆ. ಕುರಿ ಆ ಚರ್ಮ ಮೂಸಿತು, ತನ್ನದೇ ಮರಿ ಎಂದು ಹಾಲು ಬಿಟ್ಟಿತು. ಅದನ್ನು ಕಂಡೂ ವಾಸನೆಯ ಮಾತು ನನಗೆ ಹೊಳೆಯಲಿಲ್ಲ. ಅಜ್ಜಿಯ ಕಥೆಗಳಲ್ಲಿ ಕರಿಕಂಬಳಿ ಹೊದ್ದವರು ಯಾರ ಕಣ್ಣಿಗೂ ಬೀಳುವುದಿಲ್ಲ. ವ್ಯಾನಿನ ಸದ್ದು ಕೇಳುತ್ತಲೇ ಅತ್ತೆಗೆ ಕಂಬಳಿ ಹೊದಿಸಿ ಹಿಂಡಿನ ನಡುವೆ ಕೂರಿಸಿದೆ. ಕರಿ ಬೆನ್ನುಗಳ ನಡುವೆ ಇನ್ನೊಂದು ಕರಿ ಬೆನ್ನು.

ಆದರೆ ಅತ್ತೆಯ ಮೈಯೆಲ್ಲ ಫಿನೈಲು ನಾರುತ್ತಿತ್ತು. ಅವಳೇ ಸಾಕಿದ ಕುರಿಗಳು ಒಂದೊಂದಾಗಿ ಹಿಂದೆ ಸರಿದವು. ಅವಳ ಸುತ್ತ ಕಣದಂತೆ ದುಂಡಗೆ ಬರಿ ನೆಲ ಉಳಿಯಿತು.

“ಅಲ್ಲಿ ಅದಾಳ ನೋಡ್ರಿ!” ವಾರ್ಡುಬಾಯ್ ನಕ್ಕ. “ಕುರಿನೂ ಮೂಸವಲ್ದು ಇಕಿನ್ನ.”

ರಟ್ಟೆ ಹಿಡಿದು ಎಬ್ಬಿಸಿದರು. ಅತ್ತೆ ಕೊಸರಿಕೊಂಡು, ಕಂಬಳಿಯೊಳಗೇ ಹಸಿರಂಗಿ ಕಳಚಿ ಹಾಲೇಶಪ್ಪನ ಮುಖಕ್ಕೆ ಎಸೆದಳು.

“ಹಾಕ್ಕ್ಯಳಲೇ ಭಾಡ್ಯಾ! ಆ ಆಸ್ಪತ್ರ್ಯಾಗ ಮುಖ ಯಾರು ನೋಡ್ತಾರ? ಈ ಚರ್ಮ ಮೂಸಿ ನಿನಗೂ ಸೂಜಿ ಚುಚ್ಚತಾರ!”

ಅವನು ಅತ್ತೆಯ ಕಪಾಳಕ್ಕೆ ಹೊಡೆದ. ವ್ಯಾನಿನ ಬಾಗಿಲು ಧಡ್ ಎಂದಿತು.

ಅಪ್ಪ ನಿಧಾನವಾಗಿ ರುಮಾಲು ಸುತ್ತಿಕೊಂಡ. ಹಿಂಡಿನ ಸುತ್ತ ಕಟ್ಟಿದ್ದ ಬಲೆಯ ಗೂಟ ಕಿತ್ತು ಹಿಂಡನ್ನು ಬಂಡಿದಾರಿಗೆ ಬಿಟ್ಟ. ದಾರಿ ತುಂಬ ಕುರಿ. ವ್ಯಾನು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು.

“ಕರೀರಲೇ ಕುರಿನ!” ಹಾಲೇಶಪ್ಪ ಅರಚಿದ.

ನಮ್ಮ ಕೂಗು ಕೇಳದೆ ಅವು ಕದಲುವುದಿಲ್ಲ. ಅಪ್ಪ ನನ್ನತ್ತ ನೋಡಿದ. ವ್ಯಾನಿನ ಜಾಲರಿಯಲ್ಲಿ ಅತ್ತೆಯ ಬೆರಳುಗಳಿದ್ದವು.

ನಾವು ಕೂಗಲಿಲ್ಲ.