ಗಿರವಿ ಬಿದ್ದ ಶೇರವಾನಿ

ಬೆಳಿಗ್ಗೆ ಎಂಟೂವರೆ. ಉಮಾಪತಿಯ ಶೇರವಾನಿ ಅಂದಪ್ಪ ಸಾಹುಕಾರನ ಅಂಗಡಿಯಲ್ಲಿ ಗಿರವಿ ಬಿದ್ದಿತ್ತು. ಹನ್ನೊಂದಕ್ಕೆ ಅವನು ಅದನ್ನೇ ತೊಟ್ಟು ಕುಷ್ಟಗಿಯ ತಹಸೀಲ ಕಚೇರಿಯಲ್ಲಿ ಹಾಜರಾಗಬೇಕಿತ್ತು. ಅಂದು ೧೯೩೮ರ ಜುಲೈ ಹನ್ನೊಂದು, ಸೋಮವಾರ.

ನಿಜಾಮ ಸರಕಾರದ ಕಚೇರಿಯಲ್ಲಿ ಕೊರಳ ತನಕ ಗುಂಡಿ ಹಾಕುವ ಆ ಉದ್ದನೆಯ ಅಂಗಿ ಮತ್ತು ತಲೆಯ ಮೇಲೊಂದು ರೂಮಿ ಟೋಪಿ ಇಲ್ಲದೆ ಗುಮಾಸ್ತನಾಗಲಿ, ಗುಮಾಸ್ತಿಕೆ ಕೇಳಲು ಬಂದವನಾಗಲಿ ಹೊಸ್ತಿಲು ದಾಟುವಂತಿರಲಿಲ್ಲ. ಖಾಲಿ ಇದ್ದದ್ದು ಒಂದೇ ಜಾಗ. ಹಳ್ಳಿಗಳಿಂದ ಬರುವ ಕನ್ನಡ ಕಾಗದಗಳನ್ನು ಉರ್ದುವಿಗೆ ಇಳಿಸುವುದು, ತಿಂಗಳಿಗೆ ಹದಿನೆಂಟು ರೂಪಾಯಿ, ನಿಜಾಮನ ಹಾಲಿ ಸಿಕ್ಕ ನಾಣ್ಯದಲ್ಲಿ. ಉಮಾಪತಿಯ ಸಾಲ ಆ ದಿನಕ್ಕೆ ನೂರಾ ತೊಂಬತ್ತಾರು ರೂಪಾಯಿ: ಶೇರವಾನಿ ಮೇಲಿನ ಆರು ಸೇರಿ ಅಂದಪ್ಪನಿಗೆ ನೂರಾ ಮೂವತ್ತು, ಕಿರಾಣಿ ಅಂಗಡಿಗೆ ನಲವತ್ತು, ಜವಳಿಯವನಿಗೆ ಇಪ್ಪತ್ತಾರು. ಕಚೇರಿ ಬಾಗಿಲಲ್ಲಿ ಎಲೆ ಅಡಿಕೆ ಮಾರುವ ಶಾಹಜಾದಬಿಗೆ ಕೊಡಬೇಕಾದ ಹದಿಮೂರು ಆಣೆಯನ್ನು ಅವನು ಸಾಲವೆಂದು ಎಣಿಸಿರಲಿಲ್ಲ. ಎಲೆ ಮಾರುವವಳಿಗೆ ತಾನು ಸಾಲಗಾರನಾಗುವುದು ಹೇಗೆ ಎಂಬುದು ಅವನ ವಾದ.

ಎರಡು ವರ್ಷದ ಹಿಂದೆ ಅವನು ಅದೇ ಕಚೇರಿಯಲ್ಲಿ ಅಹಲಕಾರನಾಗಿದ್ದ, ಅಂದರೆ ಬರಹದ ಗುಮಾಸ್ತ. ಖರ್ಚು ಕಡಿಮೆ ಮಾಡಲು ಮೇಲಿನಿಂದ ಹುಕುಮು ಬಂದು ಮೂರು ಜಾಗ ರದ್ದಾದವು. ಉಳಿದಿಬ್ಬರಲ್ಲಿ ಒಬ್ಬ ಹಿಟ್ಟಿನ ಗಿರಣಿ ಸೇರಿದ, ಇನ್ನೊಬ್ಬ ಹೊಲಕ್ಕೆ ಹೋದ. ಉಮಾಪತಿ ಎಲ್ಲಿಗೂ ಹೋಗಲಿಲ್ಲ. ದಿನಾ ಹತ್ತೂವರೆಗೆ ಶೇರವಾನಿ ತೊಟ್ಟು ಮನೆ ಬಿಡುತ್ತಿದ್ದ, ಚಹದ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕಚೇರಿಯಲ್ಲಿ ಉಳಿದವರ ಉರ್ದು ಎಷ್ಟು ಕೆಟ್ಟದ್ದೆಂದು ಹೇಳುತ್ತಿದ್ದ, ಐದಕ್ಕೆ ತಿರುಗಿ ಬರುತ್ತಿದ್ದ. "ಮುಂದಿನ ತಿಂಗಳ ನನ್ನ ವಾಪಸ ತಗೋತಾರ" ಎಂಬುದು ಇಪ್ಪತ್ತನಾಲ್ಕು ತಿಂಗಳೂ ಅವನ ಬಾಯಲ್ಲಿದ್ದ ಮಾತು. ಶುಕ್ರವಾರ ಮಾತ್ರ ಮನೆಯಲ್ಲಿ ಮಲಗಿರುತ್ತಿದ್ದ. ಶುಕ್ರವಾರ ಕಚೇರಿಗೆ ರಜೆ.

ಊರಿಗೆ ಇದೆಲ್ಲ ಗೊತ್ತಿತ್ತು. ಆದರೂ ಅಂಗಡಿಯವರು ಉದ್ರಿ ಕೊಟ್ಟರು. ಶೇರವಾನಿ ಮೈಮೇಲಿರುವ ತನಕ ಕಚೇರಿಯ ದಾರಿ ಮುಚ್ಚಿಲ್ಲ ಎಂಬುದು ಅವರ ಲೆಕ್ಕ. ಅದು ತಪ್ಪು ಲೆಕ್ಕ. ಲೆಕ್ಕದಲ್ಲೇ ಹೊಟ್ಟೆ ಹೊರೆಯುವ ಜನ ಮಾಡಿದ್ದು. ನಾಲ್ಕು ತಿಂಗಳ ಹಿಂದೆ ಶೇರವಾನಿ ಅಂದಪ್ಪನ ಪೆಟ್ಟಿಗೆ ಸೇರಿದಾಗ ಉಮಾಪತಿ ಅವರಿಗೆಲ್ಲ, "ರಾಯಚೂರಾಗ ದರ್ಜಿ ಕಡೆ ಐತಿ, ಹೊಸಾ ಅಸ್ತರ ಹಾಕಸಾಕ ಕೊಟ್ಟೀನಿ" ಎಂದ. ಅದನ್ನೂ ನಂಬಿದರು.

ಹೆಂಡತಿ ಕಳಕಮ್ಮ ನಂಬುವ ಗೋಜಿಗೇ ಹೋಗಿರಲಿಲ್ಲ. ಬೇಸಿಗೆ ಪೂರ್ತಿ ಕಂಡವರ ಮನೆಯಲ್ಲಿ ಶಾವಿಗೆ ಹೊಸೆದು ಕೂಡಿಸಿದ ಏಳೂವರೆ ರೂಪಾಯಿಯನ್ನು ಅವಳು ಸೆರಗಿನ ತುದಿಯಿಂದ ಬಿಚ್ಚಿ ಗಂಡನ ಮುಂದೆ ಇಟ್ಟಳು. ಅದು ಕಿರಾಣಿಯವನಿಗೆಂದು ಎತ್ತಿಟ್ಟದ್ದು.

"ಆರು ಅಸಲು, ಒಂದೂವರಿ ಬಡ್ಡಿ. ಎಣಿಸಿಕೋರಿ. ನಿನ್ನಿ ಸಂಜೀಕ ಹೋಗ್ರಿ ಅಂದ್ರ ಹೋಗಲಿಲ್ಲ."

"ಸಂಜೀಕ ಓಡಿ ಹೋದ್ರ ಆ ಅಂದಪ್ಪ ಏನ ತಿಳಕೊಂತಾನ? ಇವಗ ಗರಜ ಐತಿ ಅಂತಾನ."

"ಗರಜ ಇಲ್ಲೇನ್ರಿ?"

ಉಮಾಪತಿ ರೊಕ್ಕ ಎಣಿಸತೊಡಗಿದ. ಕೆಲಸದ ಸುದ್ದಿ ಅವನಿಗೆ ತಿಳಿದದ್ದೇ ಹಿಂದಿನ ದಿನ ಸಂಜೆ, ಅದೂ ಕಳಕಮ್ಮನಿಂದ. ಅವಳಿಗೆ ಬಾವಿಯ ಹತ್ತಿರ ಶಾಹಜಾದಬಿ ಹೇಳಿದ್ದಳು. ಕಚೇರಿಯ ಗೋಡೆಗೆ ನೋಟೀಸು ಅಂಟಿಸಿ ಹತ್ತು ದಿನವಾಗಿತ್ತು. ಉಮಾಪತಿ ಗೋಡೆಯ ನೋಟೀಸು ಓದುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡಿದವನಿಗೆ ಚಪರಾಸಿ ಮನೆಗೆ ಬಂದು ಹೇಳಬೇಕು ಎಂದು ಅವನ ಎಣಿಕೆ. ಚಪರಾಸಿ ಬಂದಿರಲಿಲ್ಲ.

"ನಮ್ಮ ಅಮರಣ್ಣಂದೂ ಕಾಗದ ಬಂದೈತ್ರಿ" ಎಂದಳು ಕಳಕಮ್ಮ. ಅವಳ ಅಣ್ಣ ಅಮರಪ್ಪ ಕೊಪ್ಪಳದ ಸ್ಟೇಶನ್ನಿನ ಹತ್ತಿರ ಒಂದು ಅಡತಿ ಅಂಗಡಿಯಲ್ಲಿದ್ದ. ದಲಾಲಿ ಮುರಿದುಕೊಂಡು ರೈತರ ಮಾಲು ಮಾರಿಕೊಡುವ ಅಂಗಡಿ. "ತೂಕ ಬರಕೊಳ್ಳಾಕ ಒಬ್ಬರು ಬೇಕಂತ. ತಿಂಗಳಿಗೆ ಹನ್ನೆರಡು. ಬುಧವಾರತನಾ ಜಾಗಾ ಹಿಡದಿರ್ತಾರಂತ."

"ಜ್ವಾಳದ ಚೀಲ ತೂಗಾಕ ಉರ್ದು ಕಲತೆನೇನು ನಾನು? ಧೋತರ ಮ್ಯಾಲಕ ಕಟ್ಟಿಕೊಂಡು, ಮೂಗು ತುಂಬ ಧೂಳು ತುಂಬಿಕೊಂಡು?"

"ಉರ್ದು ಕಲತ ಬಾಯಿಗೂ ರೊಟ್ಟಿ ಜ್ವಾಳದ್ದ ಬೇಕಾಗತೈತ್ರಿ" ಎಂದು ಅವಳು ಒಲೆಯ ಕಡೆ ಹೊರಳಿದಳು.

ಒಂಬತ್ತೂಕಾಲಿಗೆ ಉಮಾಪತಿ ಅಂದಪ್ಪನ ಅಂಗಡಿಯ ಮುಂದೆ ನಿಂತ. ಅಂದಪ್ಪ ಗಾದಿಯ ಮೇಲೆ ಕಾಲು ಮಡಚಿ ಕುಳಿತು ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದ. ಉಮಾಪತಿ ನೋಟು, ನಾಣ್ಯಗಳನ್ನು ಗಾದಿಯ ಮೇಲೆ ಎಸೆದ ಹಾಗೆ ಇಟ್ಟ. ಇಂಥವನ ಕೈಗೆ ಕೈ ತಾಗಿಸುವುದು ಅವನಿಗೆ ಸೇರುತ್ತಿರಲಿಲ್ಲ.

"ಶೇರವಾನಿ ತಗೀರಿ."

ಅಂದಪ್ಪ ರೊಕ್ಕ ಮುಟ್ಟಲಿಲ್ಲ. "ಅದೆಲ್ಲಿ ಐತ್ರಿ ಅಹಲಕಾರ್ರ? ನಸಿಕಿನ್ಯಾಗ ಲಕ್ಷ್ಮಣಪ್ಪ ಒಯ್ದ."

"ಯಾವ ಲಕ್ಷ್ಮಣಪ್ಪ?"

"ಮಂಗಳೂರಾಂವರಿ. ನೀವ ಹೇಳಿದ್ರೆಲ್ಲ, ಶನಿವಾರ."

ಹೇಳಿದ್ದು ನಿಜ. ಗಿರವಿ ಬಿದ್ದ ಬಟ್ಟೆಗಳನ್ನು ಅಂದಪ್ಪ ಬಾಡಿಗೆಗೆ ಕೊಡುತ್ತಿದ್ದ: ಮದುವೆಗೆ ಜರಿ ರುಮಾಲು, ಬೀಗರ ಮುಂದೆ ಕೂಡಲು ಕೋಟು, ಕಚೇರಿಗೆ ಹೋಗುವವರಿಗೆ ಶೇರವಾನಿ, ದಿನಕ್ಕೆ ಎಂಟು ಆಣೆ. ಒಂದು ನಿಯಮ ಮಾತ್ರ ಬಿಡುತ್ತಿರಲಿಲ್ಲ. ಬಟ್ಟೆಯ ಒಡೆಯನನ್ನು ಕೇಳದೆ ಹೊರಗೆ ಕೊಡುತ್ತಿರಲಿಲ್ಲ. ಶನಿವಾರ ದಾರಿಯಲ್ಲಿ ಉಮಾಪತಿಯನ್ನು ನಿಲ್ಲಿಸಿ, ಯಲಬುರ್ಗಾ ಕಡೆಯ ಮಂಗಳೂರಿನ ಲಕ್ಷ್ಮಣಪ್ಪ ಒಂದು ದಿನದ ಮಟ್ಟಿಗೆ ನಿಮ್ಮದು ಕೇಳುತ್ತಿದ್ದಾನೆ, ಕೊಡಲೇನು ಎಂದು ಕೇಳಿದ್ದ. ಲಕ್ಷ್ಮಣಪ್ಪ ಕುರಿ ಕಾಯುವ ಮನೆಯವನು. ಹಗಲು ಕಿರಾಣಿ ಅಂಗಡಿಯಲ್ಲಿ ಚೀಲ ಹೊತ್ತು, ಸಂಜೆ ಮಸೀದಿಯ ಕಟ್ಟೆಯಲ್ಲಿ ಉರ್ದು ಕಲಿತಿದ್ದ. ಹಿಂದೊಮ್ಮೆ ಅರ್ಜಿ ಬರೆಯುವುದು ಹೇಗೆಂದು ಕೇಳಲು ಬಂದಾಗ ಉಮಾಪತಿ ಅವನಿಗೆ, ಮೊದಲು ಹೆಗಲ ಮೇಲಿನ ಕಂಬಳಿ ಇಳಿಸು, ಆಮೇಲೆ ಉರ್ದುವಿನ ಅಲಿಫ್ ಬರೆ ಎಂದಿದ್ದ. ಶನಿವಾರವೂ ನಕ್ಕು ಬಿಟ್ಟಿದ್ದ: "ಫೋಟೋ ತಗಸಾಕ ಇರಬೇಕು. ಹಾಕ್ಕೊಳ್ಳಲಿ ಬಿಡ್ರಿ. ಕುರಿ ಗುರುತ ಹಿಡೀಲಾರದ ಓಡಿ ಹೋದಾವು, ಹುಷಾರಂತ ಹೇಳ್ರಿ."

ಈಗ ಅಂದಪ್ಪ ಅದೇ ಮಾತನ್ನು ಅವನಿಗೆ ಒಂದಕ್ಷರ ಬಿಡದೆ ಒಪ್ಪಿಸಿದ. "ಹೇಳಿದ್ನಿರಿ ನಾ ಅವಗ. ಅವನೂ ನಕ್ಕ."

"ಬ್ಯಾರೇ ಶೇರವಾನಿ ಯಾವದರ ಕೊಡ್ರಿ ಮತ್ತ."

"ಒಂದ ಐತಿ. ಸತ್ತ ಪಟವಾರಿದು. ನಿಮ್ಮಂಥಾವ್ರು ಇಬ್ಬರು ಹಿಡಿತಾರ ಅದರಾಗ." ಅಂದಪ್ಪ ಕಡ್ಡಿ ಉಗುಳಿ ನಕ್ಕ. "ಕೊಡ್ಲೇನ್ರಿ?"

ಕೊಡಿರೆಂದು ಒಂದು ಮಾತು ಅಂದಿದ್ದರೆ ಕೆಲಸವಾಗುತ್ತಿತ್ತು. ದೊಗಳೆ ಅಂಗಿ ತೊಡಬಾರದೆಂದು ಕಚೇರಿಯ ನಿಯಮ ಇರಲಿಲ್ಲ. ಉಮಾಪತಿ, ಸತ್ತವರ ಬಟ್ಟೆ ಹಾಕುವ ಗತಿ ತನಗಿನ್ನೂ ಬಂದಿಲ್ಲ ಎಂದು ಹೇಳಿ, ರೊಕ್ಕ ಬಾಚಿಕೊಂಡು ಕಚೇರಿಯ ದಾರಿ ಹಿಡಿದ. ಮೈಮೇಲೆ ಬಿಳಿ ಅಂಗಿ, ತಲೆಯ ಮೇಲೆ ರೂಮಿ ಟೋಪಿ.

ಬಾಗಿಲಲ್ಲಿ ಚಪರಾಸಿ ಅಡ್ಡ ನಿಂತ. ಎರಡು ವರ್ಷದ ಹಿಂದೆ ಇವನಿಗೆ ಸಲಾಮು ಮಾಡುತ್ತಿದ್ದವನೇ.

"ಶೇರವಾನಿ ಇಲ್ಲದ ಒಳಗ ಬಿಡೂದಿಲ್ಲರಿ."

"ನಾ ಯಾರಂತ ಗೊತ್ತಿಲ್ಲೇನಲೇ ನಿನಗ?"

"ಗೊತ್ತೈತಿ. ಅದಕ್ಕ ಹೊರಗ ನಿಲ್ಲಸೀನಿ" ಎಂದ ಚಪರಾಸಿ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಶಾಹಜಾದಬಿ ಕಿಸಕ್ಕನೆ ನಕ್ಕಳು.

ಆಗ ಉಮಾಪತಿಗೆ ಪಡಸಾಲೆಯಲ್ಲಿ ತನ್ನ ಶೇರವಾನಿ ಕಾಣಿಸಿತು. ಲಕ್ಷ್ಮಣಪ್ಪನ ಮೈಮೇಲೆ ತೋಳು ಮೂರು ಬೆರಳು ಗಿಡ್ಡ. ಮೂರನೆಯ ಗುಂಡಿ ಬೇರೆ ಬಣ್ಣದ್ದು, ಕಳಕಮ್ಮ ಹಚ್ಚಿದ್ದು. ಕುರಿ ಕಾಯುವವನು ಬಂದದ್ದು ಫೋಟೋಕ್ಕಲ್ಲ, ತಾನು ಕೇಳಲು ಬಂದ ಅದೇ ಕೆಲಸಕ್ಕೆ ಎಂಬುದು ಉಮಾಪತಿಗೆ ಹೊಳೆದದ್ದು ಆಗ. ಅಂದಪ್ಪನ ಅಂಗಡಿಯಿಂದ ಕಚೇರಿಯ ತನಕ ನಡೆದು ಬಂದರೂ ಹೊಳೆದಿರಲಿಲ್ಲ. ಅಂಥವನಿಗೆ ಅಷ್ಟು ಧೈರ್ಯ ಇರಬಹುದೆಂಬ ಯೋಚನೆಯೇ ಅವನ ತಲೆಗೆ ಬರುವಂಥದ್ದಲ್ಲ.

"ಕಳ್ಳ! ಅವನ ಮೈಮ್ಯಾಲಿಂದು ನನ್ನ ಶೇರವಾನಿ! ಹಿಡೀರಿ ಅವನ್ನ!" ಎಂದು ಕೂಗಿದ.

ಗದ್ದಲ ಕೇಳಿ ಪೇಶ್ಕಾರ ಹೊರಗೆ ಬಂದ. ತಹಸೀಲದಾರನ ಕೈಕೆಳಗಿನ ಆ ಅಧಿಕಾರಿ ಬೀದರದ ಕಡೆಯವನು. ಕನ್ನಡ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಲಕ್ಷ್ಮಣಪ್ಪ ಜೇಬಿನಿಂದ ಅಂದಪ್ಪ ಬರೆದುಕೊಟ್ಟ ಚೀಟಿ ತೆಗೆದು ಮುಂದೆ ಹಿಡಿದ. ಚೀಟಿ ಕನ್ನಡದಲ್ಲಿತ್ತು. ಪೇಶ್ಕಾರ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಉಮಾಪತಿಯ ಕೈಗೆ ಕೊಟ್ಟ. ಫಿರ್ಯಾದಿ ನೀವೇ ಅಲ್ಲವೇ, ನೀವೇ ಓದಿ ಎಂದ.

ಅಂಗಳದಲ್ಲಿ ಇಪ್ಪತ್ತು, ಇಪ್ಪತ್ತೈದು ಜನ ನಿಂತಿದ್ದರು. ಉಮಾಪತಿ ಓದಿದ: "ಕರೇ ಬಣ್ಣದ ಶೇರವಾನಿ ಒಂದು, ಲಕ್ಷ್ಮಣಪ್ಪಗ ಒಂದು ದಿನಕ್ಕ ಎಂಟು ಆಣೆ ಬಾಡಗಿ. ಸಂಜೀಕ ವಾಪಸ. ಸಹಿ ಅಂದಪ್ಪ."

"ನಡುವ ಒಂದ ಸಾಲ ಬಿಟ್ರಿ, ಅಹಲಕಾರ ಸಾಹೇಬ್ರ" ಎಂದ ಲಕ್ಷ್ಮಣಪ್ಪ. ದನಿಯಲ್ಲಿ ವಿನಯ ಬಿಟ್ಟು ಬೇರೇನೂ ಇರಲಿಲ್ಲ.

"ಎಲ್ಲಿ ಬಿಟ್ಟೀನಿ?"

"ಎರಡನೇ ಸಾಲ್ರಿ." ಚೀಟಿ ನೋಡದೆಯೇ ಲಕ್ಷ್ಮಣಪ್ಪ ಹೇಳಿದ: "ಈ ಶೇರವಾನಿ ಉಮಾಪತಿ ಅವರು ಆರು ರೂಪಾಯಿಗೆ ನನ್ನ ಕಡೆ ಗಿರವಿ ಇಟ್ಟದ್ದು, ನಾಕ ತಿಂಗಳ ಬಡ್ಡಿ ಬಾಕಿ, ಅವರ ಮಾತಿನ ಮ್ಯಾಲ ಕೊಟ್ಟೀನಿ."

ಪೇಶ್ಕಾರ ಅವನ ಕಡೆ ತಿರುಗಿ, ಇದನ್ನೆಲ್ಲ ಉರ್ದುವಿನಲ್ಲಿ ಹೇಳಬಲ್ಲೆಯಾ ಎಂದು ಕೇಳಿದ. ಲಕ್ಷ್ಮಣಪ್ಪ ಹೇಳಿದ. ಗಿರವಿಗೆ, ಬಡ್ಡಿಗೆ, ಬಾಕಿಗೆ ಕಾಗದದಲ್ಲಿ ಬರೆಯುವ ಸರಿಯಾದ ಮಾತುಗಳನ್ನೇ ಹಾಕಿದ. ಪೇಶ್ಕಾರ ಚೀಟಿಯ ಹಿಂಬದಿಯಲ್ಲಿ ಬರೆಸಿ ಅಕ್ಷರವನ್ನೂ ನೋಡಿದ. ಆ ಜಾಗಕ್ಕೆ ಬೇರೆ ಪರೀಕ್ಷೆ ಆಗಲಿಲ್ಲ.

"ರಾಯಚೂರಿನ ದರ್ಜಿ ಅಂದ್ರ ನಮ್ಮ ಅಂದಪ್ಪ ಸಾಹುಕಾರ ಏನ್ರಿ?" ಎಂದಳು ಶಾಹಜಾದಬಿ ಎಲ್ಲರಿಗೂ ಕೇಳುವ ಹಾಗೆ. "ನನ್ನ ಹದಿಮೂರ ಆಣೆಕ್ಕೂ ಒಂದು ಅಸ್ತರ ಹಚ್ಚಿ ಕೊಡ್ರಿ ಸಾಹೇಬ್ರ."

ಎಲೆ ಮಾರುವವಳ ಬುಟ್ಟಿಗಿಂತ ಬೇಗ ಸುದ್ದಿ ಊರು ಸುತ್ತಿತು. ಉಮಾಪತಿ ಮನೆ ಸೇರುವಾಗ ಹನ್ನೆರಡು. ಕಿರಾಣಿಯವನೂ ಜವಳಿಯವನೂ ಕಟ್ಟೆಯ ಮೇಲೆ ಕುಳಿತಿದ್ದರು. ಎರಡು ವರ್ಷ ಬಗ್ಗಿ ಮಾತಾಡಿಸಿದವರು ಅಂದು ಎದ್ದು ನಿಲ್ಲಲಿಲ್ಲ.

"ಶೇರವಾನಿ ನೋಡಿ ಜ್ವಾಳ ಕೊಟ್ಟೆ ನಾನು" ಎಂದ ಕಿರಾಣಿಯವ. "ಅದು ನೋಡಿದ್ರ ಎಂಟಾಣೆಕ್ಕ ಊರ ತಿರಗತೈತಿ."

"ನನ್ನ ಯೋಗ್ಯತಿ ನಿಮಗೇನ ತಿಳೀಬೇಕು" ಎಂದ ಉಮಾಪತಿ. "ಉಪ್ಪು ಮಾರಾವ್ರಿಗೆ."

ಕಳಕಮ್ಮ ಬಾಗಿಲಿಗೆ ಬಂದು ಗಂಡನ ಮುಂದೆ ಕೈ ಚಾಚಿದಳು. "ನನ್ನ ಏಳೂವರಿ ಕೊಡ್ರಿ." ಅವನು ಕೊಟ್ಟ. ಅವಳು ಅದನ್ನು ಕಿರಾಣಿಯವನಿಗೆ ಎಣಿಸಿ, ವಹಿಯಲ್ಲಿ ತನ್ನ ಕಣ್ಣೆದುರೇ ಬರೆಸಿದಳು. ಆಮೇಲೆ ಇಬ್ಬರಿಗೂ ಹೇಳಿದಳು: "ಬುಧವಾರದಿಂದ ಇವರು ಕೊಪ್ಪಳದಾಗ ಕೆಲಸಕ್ಕ ಹತ್ತತಾರ. ಪಗಾರ ನಮ್ಮ ಅಣ್ಣ ನನ್ನ ಕೈಯಾಗ ಕೊಡತಾನ, ಇವರ ಕೈಯಾಗಲ್ಲ. ತಿಂಗಳಿಗೆ ಮೂರು, ಮೂರು ರೂಪಾಯಿ ಬರತಾವು. ಅಂದಪ್ಪಗೂ ಅಷ್ಟ. ಉಳದದ್ದರಾಗ ನಾವು ತಿಂತೀವಿ. ಒಪ್ಪಿದ್ರ ಏಳ್ರಿ, ಇಲ್ಲಂದ್ರ ಇಲ್ಲೇ ಕುಂದರ್ರಿ."

ಅವರು ಎದ್ದರು. ಉಮಾಪತಿಯನ್ನು ಯಾರೂ ಏನೂ ಕೇಳಲಿಲ್ಲ.

ಸಂಜೆ ಐದೂವರೆಗೆ ಲಕ್ಷ್ಮಣಪ್ಪ ಶೇರವಾನಿ ಮಡಚಿ ಅಂದಪ್ಪನಿಗೆ ಒಪ್ಪಿಸಿ, ಎಂಟು ಆಣೆ ಕೊಟ್ಟು ಚೀಟಿ ಹರಿದುಹಾಕಿಸಿದ. ಒಂದನೇ ತಾರೀಖಿನಿಂದ ಅವನ ಕೆಲಸ ಶುರುವಾಯಿತು.

ಉಮಾಪತಿ ಬುಧವಾರ ಕೊಪ್ಪಳದ ಅಡತಿ ಅಂಗಡಿಯಲ್ಲಿ ತೂಕ ಬರೆಯಲು ಕುಳಿತ. ಗುರುವಾರವೂ ಬಂದ. ಶುಕ್ರವಾರ ಬರಲಿಲ್ಲ, ಕಚೇರಿಯ ರಜೆಯೆಂದು ಮಲಗಿದ್ದ. ಅಂಗಡಿಯವರು ಅವನ ಪಗಾರದಲ್ಲಿ ಆರು ಆಣೆ ಐದು ಪೈ ಮುರಿದುಕೊಂಡರು.